ಟೈಲರಮ್ಮನಿಗೆ ಹಿಡಿಸದ ಮೆಷಿನ್ನುಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಆದರೆ ಮೂರು ಅಂಗಡಿ ಸುತ್ತಿಸಿ, ನಾಲ್ಕನೆಯದರ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಇಲ್ಲೂ ಸರಿಯಾದ ಮೆಷಿನ್ ಸಿಗೋ ಹಾಗೆ ಕಾಣಲ್ಲ, ಮನೆಗೆ ಹೋಗೋಣ ಅಂದರೆ ಯಾರಿಗೆ ತಾನೇ ರೇಗುವುದಿಲ್ಲ? ಹಾಗೆ ಅಂದವಳು ನನ್ನ ಅತ್ತಿಗೆ. ನನಗಿಂತ ಒಂದೇ ವರ್ಷಕ್ಕೆ ದೊಡ್ಡವಳು, ಅದಕ್ಕೇ ನಮ್ಮಿಬ್ಬರ ನಡುವೆ ಬಹುವಚನದ ಗೊಡವೆ ಇಲ್ಲ.

ನಮ್ಮ ಬೀದಿಯಲ್ಲಿ ಅವಳಿಗೆ ಟೈಲರಮ್ಮ ಅಂತಲೇ ಹೆಸರು. ಆ ಹೆಸರು ಹಬ್ಬಿಸಿದವಳು ನಮ್ಮಮ್ಮ. ಮದುವೆಗೆ ಮುಂಚಿನಿಂದಲೂ ಅತ್ತಿಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದಳು, ಗಂಡಸರ ಅಂಗಿ ತಯಾರಿಸುವ ಫ್ಯಾಕ್ಟರಿ. ಸೊಸೆ ಫ್ಯಾಕ್ಟರಿಗೆ ಹೋಗುತ್ತಾಳೆ ಅನ್ನುವುದಕ್ಕಿಂತ ಸೊಸೆ ಟೈಲರು ಅನ್ನುವುದು ಅಮ್ಮನ ಬಾಯಿಗೆ ರುಚಿಸಿತು. ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ನಾಲ್ಕು ಜನ ಸಿಕ್ಕರೂ ಅದನ್ನೇ ಡಂಗುರ ಸಾರಿದಳು. ಅತ್ತಿಗೆ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮುಗುಳ್ನಕ್ಕು ಒಳಗೆ ಹೋಗುತ್ತಿದ್ದಳು. ನಾಚಿಕೆ ಸ್ವಭಾವ ಅಂದುಕೊಂಡಿದ್ದೆವು.

ಈ ವರ್ಷ ಫ್ಯಾಕ್ಟರಿ ಮುಚ್ಚಿತು. ಅಮ್ಮ ಒಂದಿಷ್ಟೂ ಕಂಗೆಡಲಿಲ್ಲ. ಕೈಯಲ್ಲಿ ಕಸುಬು ಇರುವವಳಿಗೆ ಯಾರ ಹಂಗು ಅಂದಳು. ಮನೆಗೇ ಒಂದು ಮೆಷಿನ್ ತರುವುದು, ಬೀದಿ ಮಕ್ಕಳಿಗೆಲ್ಲ ಫ್ರಾಕು ಹೊಲಿಯುವುದು, ಉಳಿದ ತುಂಡುಗಳಲ್ಲಿ ಚೀಲ, ದಿಂಬಿನ ಚೀಲ, ಬಟ್ಟೆ ಗೊಂಬೆ ಮಾಡುವುದು ಅಂತ ಒಬ್ಬಳೇ ಕೂತು ಎಲ್ಲ ತೀರ್ಮಾನಿಸಿದಳು. ಕಿಟಕಿ ಪಕ್ಕದಿಂದ ಚಪ್ಪಲಿ ಗೂಡು ಎತ್ತಿಸಿ ಮೆಷಿನ್ನಿಗೆ ಜಾಗವನ್ನೂ ಮಾಡಿಸಿದಳು. ಅಣ್ಣ ವ್ಯಾನು ಓಡಿಸುವವನು, ವಾರದಲ್ಲಿ ಐದು ದಿನ ಮನೆಯಲ್ಲಿ ಇರುವುದಿಲ್ಲ. ಮೆಷಿನ್ ಆರಿಸಲು ಅತ್ತಿಗೆಯ ಜೊತೆ ಹೋಗುವ ಕೆಲಸ ನನ್ನ ತಲೆಗೆ ಬಂತು.

ಇದೆಲ್ಲ ನಿಧಾನಕ್ಕೆ ಆಗಿದ್ದರೆ ಏನೂ ತೊಂದರೆ ಇರಲಿಲ್ಲ. ನಡುವೆ ಅತ್ತಿಗೆಯ ಮಗಳು ಗುಬ್ಬಿ ಒಂದು ಖಾಕಿ ಬಟ್ಟೆ ಹಿಡಿದು ಶಾಲೆಯಿಂದ ಬಂದಳು. ಶುಕ್ರವಾರ ನಾಟಕ, ಇವಳು ಪೋಸ್ಟ್‌ಮ್ಯಾನು. ತುಂಬುತೋಳಿನ ಅಂಗಿ ಬೇಕು. ಹೊಲಿಸೋಕೆ ಆಗುತ್ತಾ ಅಂತ ಮಿಸ್ಸು ಕೇಳಿದ್ದಕ್ಕೆ, ಹೊಲಿಸೋದು ಯಾಕೆ, ನಮ್ಮಮ್ಮನೇ ಟೈಲರು ಅಂತ ಇಡೀ ಕ್ಲಾಸಿನ ಮುಂದೆ ಹೇಳಿ ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ಅಂಗಿ ಇಲ್ಲದಿದ್ದರೆ ಪಾತ್ರ ಹಿಂದಿನ ಬೆಂಚಿನ ಹುಡುಗಿಗೆ, ಅವಳ ಮನೆಯಲ್ಲಿ ಖಾಕಿ ಅಂಗಿ ಸಿದ್ಧವಾಗಿಯೇ ಇದೆಯಂತೆ. ಅಮ್ಮ ನಕ್ಕುಬಿಟ್ಟಳು. ಅಂಗಿ ತಾನೇ, ನಿನ್ನಮ್ಮ ಕಣ್ಣು ಮುಚ್ಚಿಕೊಂಡು ಹೊಲೀತಾಳೆ ಅಂದಳು. ಅತ್ತಿಗೆ ಮಾತ್ರ ಆ ಬಟ್ಟೆಯನ್ನು ಮುಟ್ಟಲೇ ಇಲ್ಲ. ಅದು ಹಾಗೇ ಮೇಜಿನ ಮೇಲೆ ಕೂತಿತ್ತು.

ಮಂಗಳವಾರ, ಬುಧವಾರ ಅಂಗಡಿ ಸುತ್ತಿದೆವು. ಮೊದಲನೆಯದರಲ್ಲಿ ಕಾಲಿನಿಂದ ತುಳಿಯುವ ಕಬ್ಬಿಣದ ಮೆಷಿನ್. ಅತ್ತಿಗೆ ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳಿ, ಬೆಲ್ಟು ಸಡಿಲ ಅಂದಳು. ಎರಡನೆಯದರಲ್ಲಿ ಬಳ್ಳಿ, ಹೂವು, ಕಾಜ ಎಲ್ಲ ತಾನೇ ಹೊಲಿಯುವ ಪುಟ್ಟ ಬಿಳಿ ಮೆಷಿನ್. ನನಗಂತೂ ಅದರ ಮೇಲೆ ಮನಸ್ಸೇ ಹೋಯಿತು. ಅತ್ತಿಗೆ, ತೂಕವೇ ಇಲ್ಲ, ದಪ್ಪ ಬಟ್ಟೆ ಕೊಟ್ಟರೆ ಕುಣಿಯುತ್ತೆ ಅಂದಳು. ಮೂರನೆಯದರಲ್ಲಿ ದಾರದ ಬಿಗಿ ಸರಿಯಿಲ್ಲ. ಅಂಗಡಿಯವರು ಹೊಲಿದು ನೋಡಿ ಅಂತ ಬಟ್ಟೆ ಕೊಟ್ಟಾಗಲೆಲ್ಲ ಅವಳು ಚಕ್ರ ತಿರುಗಿಸಿ ಎದ್ದುಬಿಡುತ್ತಿದ್ದಳು. ಆಹಾ, ಏನು ಅನುಭವ, ಮುಟ್ಟಿದರೇ ಗೊತ್ತಾಗುತ್ತೆ ಅಂತ ನಾನು ಪೆದ್ದಿ ಹಾಗೆ ಹೆಮ್ಮೆ ಪಟ್ಟೆ.

ನಾಲ್ಕನೆಯ ಅಂಗಡಿಗೆ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಅಂಗಡಿ ನಡೆಸುವವಳು ದಪ್ಪ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ಇಳಿಬಿಟ್ಟಿದ್ದಳು. ಮಾತಿನ ಮಲ್ಲಿಯಲ್ಲ. ಮೋಟಾರು ಇದ್ದ ಒಂದು ಗಟ್ಟಿ ಮೆಷಿನ್ನಿಗೆ ದಾರ ಪೋಣಿಸಿ ಕುರ್ಚಿ ಎಳೆದಳು. ಹೊಲಿಯದೆ ಮೆಷಿನ್ ಕೊಳ್ಳೋದು ಹಾಕಿ ನೋಡದೆ ಚಪ್ಪಲಿ ಕೊಂಡ ಹಾಗೆ, ಒಂದು ಸಣ್ಣ ಚೀಲ ಹೊಲಿದು ನೋಡಮ್ಮ ಅಂದಳು. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಅತ್ತಿಗೆ ಕೂತಳು. ಕೂತದ್ದೇ ಬಲ ಮೊಣಕಾಲು ಪಕ್ಕಕ್ಕೆ ಹೋಗಿ ಮೇಜಿನ ಕಾಲಿಗೆ ಧಡ್ ಅಂತ ಬಡಿಯಿತು. ಇನ್ನೊಮ್ಮೆ ಬಡಿಯಿತು. ಫ್ಯಾಕ್ಟರಿಯ ಮೆಷಿನ್ನಿನಲ್ಲಿ ಬಟ್ಟೆ ಒತ್ತುವ ಪಾದವನ್ನು ಮೊಣಕಾಲಿನಿಂದಲೇ ಎತ್ತುತ್ತಾರಂತೆ, ಅದಕ್ಕೊಂದು ತಟ್ಟೆ ಇರುತ್ತದಂತೆ. ಇಲ್ಲಿ ಅದೆಲ್ಲಿ ಬರಬೇಕು? ಆಮೇಲೆ ಅವಳು ಬಟ್ಟೆಯಲ್ಲಿ ಒಂದು ಸೀಳು ಮಾಡಿ, ಒಂದು ಪಟ್ಟಿ ಮಡಿಸಿ, ಅಂಗಿ ತೋಳಿನ ತುದಿಯಲ್ಲಿ ಇರುತ್ತದಲ್ಲ, ಮೇಲ್ತುದಿ ಚೂಪಾದ ಪಟ್ಟಿ, ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲಿದಳು. ಗೆರೆ ಎಳೆದ ಹಾಗಿತ್ತು. ನೋಡಿದ್ರಾ ನಮ್ಮ ಟೈಲರಮ್ಮನ್ನ ಅಂದೆ ನಾನು.

ಚೆನ್ನಾಗಿದೆ, ಈಗ ಚೀಲ ಹೊಲಿ ಅಂದಳು ಅಂಗಡಿಯವಳು.

ಅತ್ತಿಗೆಯ ಕೈ ನಿಂತುಹೋಯಿತು. ಬಟ್ಟೆಯನ್ನು ಹೀಗೆ ಮಡಿಸಿದಳು, ಹಾಗೆ ಮಡಿಸಿದಳು. ಕಿವಿಯ ಪಕ್ಕದಿಂದ ಬೆವರು ಇಳಿಯುತ್ತಿತ್ತು. ಆಮೇಲೆ ಒಮ್ಮೆಲೇ ಮೆಷಿನ್ ಓಡಿಸಿದಳು, ಒಂದು ಅಂಚು, ಎರಡನೇ ಅಂಚು, ಮೂರು, ನಾಲ್ಕು. ಹೊಲಿದು ಮುಗಿಸಿ ಎತ್ತಿ ಹಿಡಿದರೆ ಚೀಲಕ್ಕೆ ಬಾಯೇ ಇಲ್ಲ. ನಾಲ್ಕೂ ಕಡೆ ಮುಚ್ಚಿಬಿಟ್ಟಿದ್ದಳು. ನನಗೆ ನಗು ಬರಬೇಕಿತ್ತು. ಅವಳ ಮುಖ ನೋಡಿ ಬರಲಿಲ್ಲ.

ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಹನ್ನೊಂದು ವರ್ಷ ನಾನು ಹೊಲಿದದ್ದು ಅದೊಂದೇ ಕಣೇ, ಎಡತೋಳಿನ ಪಟ್ಟಿ. ಬಲಗಡೆಯಿಂದ ತೋಳುಗಳ ಕಟ್ಟು ಬರೋದು, ಪಟ್ಟಿ ಹಾಕಿ ಎಡಗಡೆಗೆ ತಳ್ಳೋದು. ಕಾಲರು ಯಾರು ಹೊಲಿದ್ರೋ, ಬಲತೋಳು ಯಾರು ಹೊಲಿದ್ರೋ, ನಂಗೆ ತಲೆ ಎತ್ತಿ ನೋಡೋಕೂ ಪುರುಸೊತ್ತು ಇರಲಿಲ್ಲ. ಮೆಷಿನ್ ಮನೆಗೆ ಬಂದ ದಿನವೇ ನನ್ನ ಬಂಡವಾಳ ಬಯಲಾಗುತ್ತೆ."

ಬೆಲ್ಟು ಸಡಿಲ ಅಂದದ್ದು, ದಾರದ ಬಿಗಿ ಅಂದದ್ದು ಎಲ್ಲ ಯಾಕೆ ಅಂತ ಆಗ ಅರ್ಥವಾಯಿತು. ನನಗೆ ಮೈಯೆಲ್ಲ ಉರಿಯಿತು. ಮೊದಲೇ ಹೇಳೋಕೆ ಏನು ಧಾಡಿಯಾಗಿತ್ತು ಅಂತ ಬೈದೆ. ಯಾರು ಕೇಳಿದ್ರು ಅಂದಳು. ಅದೂ ನಿಜವೇ. ಟೈಲರು ಟೈಲರು ಅಂತ ಕೂಗಿದವರು ನಾವು, ಏನು ಹೊಲೀತೀಯಾ ಅಂತ ಒಬ್ಬರೂ ಕೇಳಿರಲಿಲ್ಲ. ಆದರೆ ಅವಳು ಹೆದರಿದ್ದು ಅಮ್ಮನಿಗಲ್ಲ, ಗುಬ್ಬಿಗೆ. ಅವಳ ಮುಂದೆ ಸಣ್ಣವಳಾಗಿಬಿಡ್ತೀನಿ ಅಂತ ಒಂದೇ ಸಮನೆ ಹೇಳುತ್ತಿದ್ದಳು. ಅದನ್ನು ಕೇಳಿ ನನ್ನ ಸಿಟ್ಟು ಇಳಿದುಹೋಯಿತು.

ಉಪಾಯ ಹೇಳಿದವಳು ನಾನೇ. ಮೆಷಿನ್ ಕೊಂಡುಬಿಡೋಣ, ಗುಬ್ಬಿಯ ಅಳತೆ ತೆಗೆದ ಹಾಗೆ ಮಾಡು, ಬಟ್ಟೆ ನಾನು ಗುಟ್ಟಾಗಿ ಮಾರ್ಕೆಟ್ ಮೂಲೆಯ ಟೈಲರಿಗೆ ಕೊಟ್ಟು ಬರ್ತೀನಿ, ನೀನೇ ಹೊಲಿದೆ ಅಂತ ಹೇಳಿದರಾಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಒಳಗೆ ಹೋಗಿ ಆ ಗಟ್ಟಿ ಮೆಷಿನ್ನನ್ನೇ ಆರಿಸಿದೆವು. ಕಾಲು ಹಗುರವಾಗಿ ಇಡಮ್ಮ, ಇದು ನಿಮ್ಮ ಫ್ಯಾಕ್ಟರಿಯದಲ್ಲ ಅಂದಳು ಅಂಗಡಿಯವಳು. ಚೀಲದ ಸುದ್ದಿ ಎತ್ತಲಿಲ್ಲ.

ಸಂಜೆ ಮೆಷಿನ್ ಕಿಟಕಿಯ ಪಕ್ಕ ಕೂತಿತು. ಅಮ್ಮ ಖಾಕಿ ಬಟ್ಟೆ, ಟೇಪು, ಕತ್ತರಿ ತಂದಿಟ್ಟಳು. ಗುಬ್ಬಿ ಕರೆಯುವ ಮೊದಲೇ ಸ್ಟೂಲು ಹತ್ತಿ ಎರಡೂ ಕೈ ಚಾಚಿ ನಿಂತಳು. ಅತ್ತಿಗೆ ಎಡಗೈ ಹಿಡಿದು ಭುಜದಿಂದ ಮಣಿಕಟ್ಟಿನವರೆಗೆ ಅಳೆದಳು. ಅಷ್ಟೇ. ಟೇಪು ಹಿಡಿದು ನಿಂತುಬಿಟ್ಟಳು. ಎದೆ ಅಳೀಬೇಕಲ್ವಾ ಅಮ್ಮ ಅಂದಳು ಗುಬ್ಬಿ. ನಾನು ಅಮ್ಮನ ಬೆನ್ನ ಹಿಂದಿನಿಂದ ಅಳೆ, ಏನಾದರೂ ಅಳೆ ಅಂತ ಸನ್ನೆ ಮಾಡುತ್ತಲೇ ಇದ್ದೆ. ಅತ್ತಿಗೆ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಟೇಪು ಸುತ್ತಿ ಮೇಜಿನ ಮೇಲಿಟ್ಟಳು.

"ಅತ್ತೆ, ನಂಗೆ ಅಂಗಿ ಹೊಲಿಯೋಕೆ ಬರಲ್ಲ."

ಅಮ್ಮ ತಮಾಷೆ ಅಂದುಕೊಂಡು ನಕ್ಕಳು. ಅತ್ತಿಗೆ ನಗಲಿಲ್ಲ. ಮೆಟ್ಟಿಲ ಮೇಲೆ ನನಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು, ಈ ಸಲ ಅಳದೆ. ಅಮ್ಮನ ನಗು ಹಾಗೇ ಮುಖದಲ್ಲಿ ಒಣಗಿತು.

"ಹಾಗಾದ್ರೆ ಇಷ್ಟು ವರ್ಷ ಯಾರ ಅಂಗಿ ಹೊಲಿದೆ ನೀನು?"

"ಯಾರದ್ದೂ ಇಲ್ಲ ಅತ್ತೆ."

ಗುಬ್ಬಿ ಸ್ಟೂಲಿನಿಂದ ಇಳಿದಳು. ಮಿಸ್ಸಿಗೆ ನಾನು ಹೇಳಿಬಿಟ್ಟಿದ್ದೀನಿ ಅಂತ ಗೋಡೆಗೆ ಹೇಳಿದ ಹಾಗೆ ಹೇಳಿ, ಮಂಚದ ಮೇಲೆ ಬೋರಲು ಮಲಗಿದಳು. ಅತ್ತಿಗೆಗೆ ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿಯಿತ್ತು.

ಈಗ ಅಮ್ಮನ ಬಾಯಿ ಶುರುವಾಗುತ್ತೆ, ಬೀದಿಯಲ್ಲಿ ಮರ್ಯಾದೆ ಹೋಯ್ತು ಅಂತ ಹಾರಾಡ್ತಾಳೆ ಅಂತ ನಾನು ಹಲ್ಲು ಕಚ್ಚಿ ಕಾದೆ. ಅಮ್ಮ ಒಳಗೆ ಹೋದಳು. ಬೀರು ತೆರೆದ ಸದ್ದಾಯಿತು. ಅಣ್ಣನ ಒಂದು ಒಳ್ಳೆಯ ಅಂಗಿ ತಂದು, ಬ್ಲೇಡಿನ ಜೊತೆ ಅತ್ತಿಗೆಯ ಮುಂದೆ ಎಸೆದಳು. ಮುಖ ಗಂಟಿಕ್ಕಿಯೇ ಇತ್ತು.

"ಬಿಚ್ಚು. ಹೇಗೆ ಕೂಡಿಸಿದಾರೆ ನೋಡು. ನಾಳೆ ಇಡೀ ದಿನ ಇದೆ."

ಆ ರಾತ್ರಿಯೇ ಅತ್ತಿಗೆ ಗಂಡನ ಅಂಗಿಯನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು. ಬೆನ್ನು, ಎದೆ, ಭುಜದ ಪಟ್ಟಿ, ಕಾಲರು, ತೋಳು ಎಲ್ಲ ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಅಮ್ಮ ಪೇಪರಿನಲ್ಲಿ ಗುಬ್ಬಿಯ ಅಳತೆಗೆ ಅಷ್ಟನ್ನೂ ಚಿಕ್ಕದಾಗಿ ಕತ್ತರಿಸಿದಳು, ಒಂದೊಂದನ್ನೂ ಗೊಣಗಿಕೊಂಡೇ. ಮಾರನೆಯ ದಿನ ನಾನು ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿದೆ. ಬೆಳಿಗ್ಗೆಯಿಂದ ಮೆಷಿನ್ ಓಡಿತು. ಓಡಿತು ಅಂದರೆ ಒಂದು ಗೇಣು ಓಡಿ ನಿಲ್ಲುತ್ತಿತ್ತು. ಮೊಣಕಾಲು ಮೇಜಿಗೆ ಬಡಿದು ಬಡಿದು ನೀಲಿಗಟ್ಟಿತು. ಕಾಲರನ್ನು ತಲೆಕೆಳಗಾಗಿ ಹಚ್ಚಿ ಬಿಚ್ಚಿದ್ದಾಯಿತು. ಗುಬ್ಬಿ ಶಾಲೆಯಿಂದ ಬಂದವಳು ಸೀದಾ ಹೋಗಿ ಮಂಚ ಹತ್ತಿ ಕೂತಳು.

ಕೊನೆಗೆ ತೋಳು. ಎಡತೋಳಿನ ಪಟ್ಟಿ ಎಂದಿನಂತೆ ಚಕಚಕನೆ ಮುಗಿಯಿತು. ಬಲತೋಳಿನದೂ ಅಷ್ಟೇ ಬೇಗ ಮುಗಿದದ್ದು ನೋಡಿ ನಾನು ಉಸಿರು ಬಿಟ್ಟೆ. ಅಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟಳು. ಎರಡೂ ಎಡತೋಳು. ಹನ್ನೊಂದು ವರ್ಷದ ಕೈ, ಬಲ ಅಂದರೂ ಎಡವನ್ನೇ ಹೊಲಿದಿತ್ತು. ಹಿಂದೆ ಬರಬೇಕಾದ ಪಟ್ಟಿ ಮುಂದೆ ಬಂದಿತ್ತು. ಹೊಸ ತೋಳು ಕತ್ತರಿಸೋಣವೆಂದರೆ ಅಷ್ಟು ಬಟ್ಟೆ ಉಳಿದಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಕೊಡು, ಮಾರ್ಕೆಟ್ ಟೈಲರು ಇನ್ನೂ ಬಾಗಿಲು ಹಾಕಿರಲ್ಲ ಅಂತ ಕೈ ಚಾಚಿದೆ.

"ಮುಟ್ಟಬೇಡ" ಅಂದಳು ಅತ್ತಿಗೆ. ಆ ದನಿ ನಾನು ಕೇಳಿರಲಿಲ್ಲ. ಕೈ ಹಿಂದಕ್ಕೆ ತೆಗೆದೆ.

ಖಾಕಿಗೆ ಒಳಮೈ ಹೊರಮೈ ಒಂದೇ ಥರ ಇದ್ದದ್ದು ಪುಣ್ಯ. ಪಟ್ಟಿ ಬಿಚ್ಚಿ, ತೋಳನ್ನು ಮಗುಚಿ, ಇನ್ನೊಂದು ಮೈ ಮೇಲೆ ಹೊಲಿಯಲು ಕೂತಳು. ಕೈ ತಪ್ಪು ಕಡೆಗೆ ಎಳೆಯುತ್ತಿತ್ತು, ಅದು ಕಣ್ಣಿಗೇ ಕಾಣುತ್ತಿತ್ತು. ಒಂದೊಂದು ಹೊಲಿಗೆಗೂ ಚಕ್ರವನ್ನು ಕೈಯಿಂದಲೇ ತಿರುಗಿಸಿದಳು. ಗುಬ್ಬಿ ಮಂಚದಿಂದ ಇಳಿದು ಬಂದು, ಬಿಚ್ಚಿದ ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಶುಕ್ರವಾರ ಬೆಳಿಗ್ಗೆ ಗುಬ್ಬಿ ಅಂಗಿ ತೊಟ್ಟಳು. ಕಾಲರು ಒಂದು ಕಡೆ ಎದ್ದು ನಿಂತಿತ್ತು, ಬಲತೋಳು ಒಂದು ಬೆರಳಿನಷ್ಟು ಮೋಟು. ಅಮ್ಮ ಆ ಕಾಲರನ್ನು ಒಮ್ಮೆ ಕೈಯಿಂದ ಒತ್ತಿ ನೋಡಿದಳು. ಗುಬ್ಬಿ ಗುಂಡಿ ಹಾಕಿಕೊಂಡು, ನಾಟಕದ ಟಪಾಲು ಚೀಲ ಹೆಗಲಿಗೇರಿಸಿ, ಚೆನ್ನಾಗಿದೆ ಅಂತಲೂ ಹೇಳದೆ ಹೊರಟಳು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ವರ್ಷ ಅವಳು ಹೊಲಿದದ್ದು ಯಾರ ಮೈಗೆ ಹೋಯಿತೋ ಅವಳಿಗೆ ಗೊತ್ತಿರಲಿಲ್ಲ. ತಾನು ಹೊಲಿದದ್ದನ್ನು ಯಾರಾದರೂ ತೊಟ್ಟು ನಡೆಯುವುದನ್ನು ನೋಡಿದ್ದು ಅದೇ ಮೊದಲು.

ಎದುರು ಮನೆಯಾಕೆ ಗುಡಿಸುವುದನ್ನು ನಿಲ್ಲಿಸಿ, ಯಾರೇ ಹೊಲಿದದ್ದು ಅಂತ ಗುಬ್ಬಿಯನ್ನು ಕೇಳಿದಳು. ಗುಬ್ಬಿ ನಿಂತಳು.

"ನಮ್ಮಮ್ಮ. ಪೂರ್ತಿ ಅಂಗಿ."

ಅತ್ತಿಗೆ ಬಾಗಿಲ ಹಿಂದಕ್ಕೆ ಸರಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ನನ್ನ ಕಣ್ಣೂ ಸರಿಯಿರಲಿಲ್ಲ.