‘ಆಮೇಲೆ’ ಬಟನ್ ಇಲ್ಲದ ಪುಟ

ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಸಮಾಧಾನ ಮೇಡಂ’ ಎಂದು. ಮನಸ್ಸು ಕುಗ್ಗಿದ ವಿದ್ಯಾರ್ಥಿಗಳು ಮೊಬೈಲಿನಲ್ಲೇ ಓದಿಕೊಂಡು ಚೇತರಿಸಿಕೊಳ್ಳಲಿ ಎಂದು ವಿಭಾಗ ಮಾಡಿದ್ದ ಆನ್‌ಲೈನ್ ಪಾಠಗಳ ಒಂದೊಂದು ಸಾಲೂ ಅವಳದೇ. ‘ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಳ್ಳಿ’ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ತನ್ನ ಪಿಎಚ್‌ಡಿ ಪ್ರಬಂಧವನ್ನು ಎಷ್ಟು ತುಂಡು ಮಾಡಿದ್ದಳೆಂದರೆ, ಯಾವ ತುಂಡು ಎಲ್ಲಿದೆಯೆಂದು ಈಗ ಅವಳಿಗೇ ಗೊತ್ತಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಗೈಡ್ ಕಳಿಸಿದ ಇಮೇಲ್ ಕಂಡರೆ ಎದೆ ಡವಗುಟ್ಟುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಯಾರ ಮುಂದಾದರೂ ಬಾಯಿಬಿಟ್ಟರೆ ಜನ ನಕ್ಕಾರು ಎಂಬ ಭಯಕ್ಕೆ ಎಲ್ಲವನ್ನೂ ನುಂಗಿಕೊಂಡಿದ್ದಳು.

ಪಾಠ ಬದಲಿಸಿದಾಗೆಲ್ಲ ಅವಳೇ ವಿದ್ಯಾರ್ಥಿಯ ವೇಷದಲ್ಲಿ ಅದನ್ನು ಪರೀಕ್ಷಿಸಬೇಕಿತ್ತು. ಪ್ರತಿ ಸಲ ಇಲ್ಲದ ಹುಡುಗನೊಬ್ಬನನ್ನು ಹುಟ್ಟಿಸಿ ಅವನ ಪರವಾಗಿ ಉತ್ತರ ಒತ್ತುತ್ತಿದ್ದಳು. ಅವತ್ತು ಮಧ್ಯಾಹ್ನ ಹುಡುಗನನ್ನು ಹುಟ್ಟಿಸುವಷ್ಟೂ ತ್ರಾಣವಿರಲಿಲ್ಲ. ‘ನಿದ್ದೆ ಹೇಗಿದೆ?’ ಎಂಬುದಕ್ಕೆ ತನ್ನದನ್ನೇ ಒತ್ತಿದಳು. ‘ಯಾರಿಗಾದರೂ ಹೇಳಿದ್ದೀರಾ?’ ಎಂಬುದಕ್ಕೂ ತನ್ನದೇ. ಆಗ ಪರದೆಯ ಮೇಲೆ ಮೂಡಿತು: ‘ನಿಮಗೆ ಹತ್ತಿರದವರೊಬ್ಬರಿಗೆ ಈಗಲೇ ಫೋನ್ ಮಾಡಿ. ಮಾತಾಡಿದ ಮೇಲೆ ಮುಂದಕ್ಕೆ ಹೋಗೋಣ.’

ಎಂಥ ಸಪ್ಪೆ ವಾಕ್ಯ, ಬರೆದ ಪುಣ್ಯಾತ್ಗಿತ್ತಿ ಯಾರಪ್ಪಾ ಎಂದುಕೊಂಡಳು. ‘ಆಮೇಲೆ’ ಎಂಬ ಬಟನ್‌ಗಾಗಿ ಹುಡುಕಿದರೆ ಅದಿಲ್ಲ. ಹುಡುಗರು ಬರೀ ಅದನ್ನೇ ಒತ್ತಿ ಜಾರಿಕೊಳ್ಳುತ್ತಾರೆಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ತೆಗೆಸಿದವಳು ಅವಳೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದಾಯಿತು. ‘ಮಾತಾಡಿದೆ’ ಎಂದು ಸುಳ್ಳು ಒತ್ತಲು ಬೆರಳೇನೋ ಮುಂದಾಯಿತು. ಆದರೆ ತನಗೆ ತಾನೇ ಟೋಪಿ ಹಾಕಿಕೊಳ್ಳುವ ಮಟ್ಟಕ್ಕೆ ಬಂತಲ್ಲ ಎಂದು ನಾಚಿಕೆಯಾಯಿತು. ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕಾ, ಕಷ್ಟದ ಭಾವನೆಗಳನ್ನ ಹತ್ತಿರದವರ ಜೊತೆ ಹಂಚಿಕೊಳ್ಳೋದು ಒಳ್ಳೇದು ಅಂತ…”

“ಪಾಠ ಬೇಡ ಕಣೇ. ಏನಾಗಿದೆ ಹೇಳು.”

“ನನ್ನ ಕೈಲಿ ಆಗ್ತಿಲ್ಲ ಅಕ್ಕಾ. ಹೋದ ವರ್ಷದಿಂದ ಪ್ರಬಂಧದ ಒಂದಕ್ಷರ ಬರೆದಿಲ್ಲ,” ಎಂದಳು.

ಅಷ್ಟು ದಿನ ಹೆದರಿದ್ದ ನಗು ಆ ಕಡೆಯಿಂದ ಬರಲಿಲ್ಲ.

“ಫೋನ್ ಮಾಡಿದಾಗೆಲ್ಲ ನೀನು ನನ್ನ ಸುದ್ದಿ ಕೇಳಿ ಇಟ್ಟುಬಿಡ್ತಿದ್ದೆ. ನಿನ್ನನ್ನ ಕೇಳೋಕೆ ನಂಗೇ ಭಯ ಆಗ್ತಿತ್ತು,” ಎಂದಳು ಅಕ್ಕ. “ಇರು, ಒಲೆ ಆರಿಸಿ ಬರ್ತೀನಿ. ಮೊದಲಿಂದ ಹೇಳು.”