ಖಾದರನ ಕಟ್ಟಿನಲ್ಲಿ ಒಂದು ಕಾರ್ಡು ಕಡಿಮೆ

೧೯೬೮, ಒಂದು ಭಾನುವಾರ, ಮಧುಗಿರಿ. ವಾರದ ರಜೆಗೆ ಊರಿಗೆ ಬಂದಿದ್ದೇನೆ.

ಗೆಳೆಯರೇ, ಬೆಂಗಳೂರಿನ ಕಂಪ್ಯೂಟರ್ ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಖಾದರ್ ಬೆಳಿಗ್ಗೆ ಶಿರಾದಿಂದ ಬಂದ. ಮದಲೂರು ಕೆರೆಯ ನೀರಿನ ಲೆಕ್ಕಕ್ಕೆ ಅವನು ಬರೆದ ಪ್ರೋಗ್ರಾಮಿನ ಕಾರ್ಡುಗಳ ಕಟ್ಟು ಕಂಕುಳಲ್ಲಿತ್ತು. ವರ್ಗಮೂಲ ತೆಗೆಯುವ ಭಾಗ ಸಿಗಲಿಲ್ಲವೆಂದು ಯಂತ್ರ ಅದನ್ನು ಎರಡು ಸಲ ವಾಪಸು ಮಾಡಿದೆ. ತಪ್ಪು ಅವನದಾದರೆ ಮತ್ತೆ ಕಾರ್ಡಿಗೆ ತೂತು ಹೊಡೆಯುವ ಕೆಲಸಕ್ಕೇ ಕಳಿಸುವುದಾಗಿ ಸಾಹೇಬರು ಹೇಳಿದ್ದಾರೆ.

ಜಗಲಿಯ ಮೇಲೆ ಕೂತು ಒಂದೊಂದೇ ಕಾರ್ಡು ನೋಡಿದೆವು. ಸಿದ್ಧ ಲೆಕ್ಕಗಳನ್ನು ಕೂಡಿಟ್ಟಿರುವ ಯಂತ್ರದ ಲೈಬ್ರರಿಯಿಂದ ಆ ಭಾಗವನ್ನು ಕರೆದು ಸೇರಿಸುವ ಕಾರ್ಡೇ ಇರಲಿಲ್ಲ.

“ಇಟ್ಟಿದ್ದೆ ಭಾಯಿ, ಎಲ್ಲಕ್ಕಿಂತ ಕೊನೇಗೆ,” ಅಂದ.

“ಇಟ್ಟಿದ್ರೆ ಎಲ್ಲಿ ಹೋಗ್ತದಯ್ಯ? ಕಾಲು ಬಂದು ನಡೆದುಹೋಯ್ತಾ?” ಅಂದೆ.

ಅವನು ಕಾರ್ಡುಗಳನ್ನು ಜೋಡಿಸಿ ಮತ್ತೆ ಕಟ್ಟಿದ. “ಹಂಗಾದ್ರೆ ನಾನೇ ಮರೆತಿರ್ಬೇಕು ಬುಡಿ. ನಾಳೆ ಸಾಹೇಬ್ರಿಗೆ ಹಂಗೇ ಬರ್ಕೊಡ್ತೀನಿ,” ಎಂದು ಮಧ್ಯಾಹ್ನದ ಬೆಂಗಳೂರು ಬಸ್ಸು ಹಿಡಿದ.

ಸಂಜೆ, ಅರ್ಧ ಓದಿದ್ದ ರಷ್ಯನ್ ಕಾದಂಬರಿಯ ಅನುವಾದವನ್ನು ತೆರೆದೆ. ಪುಟದ ಗುರುತಿಗೆ ಇಟ್ಟಿದ್ದದ್ದು ಆ ಕಾರ್ಡು. ಅವನ ಕಟ್ಟನ್ನು ಮೊದಲ ಸಲ ಯಂತ್ರದ ಕೋಣೆಗೆ ಒಯ್ದವನು ನಾನೇ. ಕೊನೆಯ ಕಾರ್ಡಿನಲ್ಲಿ ತೂತುಗಳು ಕಡಿಮೆ ಇದ್ದವು. ಹಾಳಾದ ಕಾರ್ಡೆಂದು ತಿಳಿದು ತೆಗೆದುಕೊಂಡಿದ್ದೆ. ಅವನನ್ನು ಒಂದು ಮಾತು ಕೇಳಲಿಲ್ಲ.

ನಾಳೆ ಬೆಳಗಿನ ಮೊದಲ ಬಸ್ಸು ಹಿಡಿದು, ಅವನಿಗಿಂತ ಮೊದಲೇ ಸಾಹೇಬರ ಕೋಣೆಗೆ ಹೋಗಿ ಅದನ್ನು ಮೇಜಿನ ಮೇಲಿಡುವುದೆಂದು ತೀರ್ಮಾನಿಸಿದ್ದೇನೆ. ಸದ್ಯಕ್ಕೆ ಕಾರ್ಡು ಅದೇ ಪುಟದಲ್ಲಿದೆ. ನಾನೂ ಅಲ್ಲೇ ಇದ್ದೇನೆ.