ಎರಡು ಕನ್ನಡಕದ ಬಿಲ್ಲೆ

ಬಸಮ್ಮ, ನಿನ್ನ ಗಂಡ ಕೊಟ್ರೇಶಿಯ ತಾಮ್ರದ ಬಿಲ್ಲೆ ಅವನ ಜೊತೆ ಮಣ್ಣಿಗೆ ಹೋಗಲಿಲ್ಲ. ಹೊಸಪೇಟೆಯ ನನ್ನ ಮನೆಯಲ್ಲಿದೆ. ಕದ್ದವನು ನಾನು — ನೀನು ಅಣ್ಣ ಎಂದು ಕರೆಯುವ ನಾನೇ.

ನನ್ನ ಹುಚ್ಚು ನಿನಗೆ ಗೊತ್ತು. ಸ್ವಾತಂತ್ರ್ಯದ ನಾಯಕರ ಮುಖ ಒತ್ತಿದ ಪದಕ ಎಲ್ಲಿ ಕಂಡರೂ ಕಾಡಿ ಬೇಡಿ ತರುತ್ತಿದ್ದೆ. ಚಳವಳಿಗೆ ಇಳಿಯುವ ಧೈರ್ಯವಿಲ್ಲ, ಪದಕ ಕೂಡಿಹಾಕಿ ದೇಶಭಕ್ತನಾಗಿದ್ದಾನೆ ಎಂದು ಕೊಟ್ರೇಶಿ ಗೇಲಿ ಮಾಡುತ್ತಿದ್ದ. ಸುಳ್ಳೇನಲ್ಲ. ಅವನ ಬಿಲ್ಲೆಯೂ ಅಂಥದೇ ಪದಕ; ಮದ್ರಾಸು ಸರಕಾರದ ಪೊಲೀಸರ ಕೈಗೆ ನಿಲುಕದ ಸಂಡೂರು ಸಂಸ್ಥಾನದಲ್ಲಿ ತಯಾರಾದದ್ದು. ಅಚ್ಚು ಜಾರಿ ಎರಡು ಸಲ ಬಿದ್ದು, ನಾಯಕರ ಮೂಗಿನ ಮೇಲೆ ಎರಡೆರಡು ಕನ್ನಡಕ! ಅಂಥದ್ದು ಇನ್ನೊಂದನ್ನು ನಾನು ಕಂಡಿಲ್ಲ. ಪೊಲೀಸರು ಅವನ ಟೊಪ್ಪಿಗೆ, ಚೀಲ ಎಲ್ಲ ಜಾಲಾಡಿದರೂ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಕೈ ಹಾಕುತ್ತಿರಲಿಲ್ಲ. ಅದರೊಳಗೆ, ಇಷ್ಟಲಿಂಗದ ಅಡಿಯಲ್ಲಿ, ಬಿಲ್ಲೆ ಇರುತ್ತಿತ್ತು. ನಾನು ಎಷ್ಟು ಕೇಳಿದರೂ ಒಂದೇ ಮಾತು:

“ಸತ್ರೂ ಕೊಡಂಗಿಲ್ಲ ಲೇ. ಇದು ನನ್ನ ಸಂಗಾಟ ಬರ್ತೈತಿ.”

ಜೈಲಿನಿಂದ ಜ್ವರ ಹೊತ್ತು ಬಂದವನು ಮತ್ತೆ ಏಳಲಿಲ್ಲ. ಕಂಪ್ಲಿಯ ನಿಮ್ಮ ಹೊಲದಲ್ಲಿ ಗುಣಿ ತೋಡಿದರು. ಅವನನ್ನು ಕೂರಿಸಲು ಮಠದ ಅಯ್ಯನವರ ಜೊತೆ ನಾನೂ ಇಳಿದೆ. ಅಂಗೈಯಲ್ಲಿ ಲಿಂಗ, ಅದರ ಮಗ್ಗುಲಿಗೆ ಬಿಲ್ಲೆ ಇಡಬೇಕು — ಅದನ್ನು ನೀನು ನಂಬಿ ನನ್ನ ಕೈಗೇ ಕೊಟ್ಟಿದ್ದೆ. ಅಯ್ಯನವರು ವಿಭೂತಿ ತೆಗೆದುಕೊಳ್ಳಲು ಆ ಕಡೆ ತಿರುಗಿದರು. ಆಗ — ಹೇಗೆ ಹೇಳಲಿ — ನನಗೆ ಗೆಳೆಯನ ಮುಖ ಕಾಣಲಿಲ್ಲ, ಆ ಎರಡು ಕನ್ನಡಕ ಮಾತ್ರ ಕಂಡವು. ಬಿಲ್ಲೆಯನ್ನು ಧೋತರದ ಮಡಿಕೆಗೆ ಸಿಕ್ಕಿಸಿಕೊಂಡೆ. ಮೇಲಿನಿಂದ ನೀನು ಕೇಳಿದೆ:

“ಬಿಲ್ಲಿ ಇಟ್ಟಿರೇನ್ರಿ ಅಣ್ಣಾ?”

“ಇಟ್ಟೀನವ್ವ.”

ಗಂಡನ ಕಡೆಯ ಆಸೆಯನ್ನಾದರೂ ನಡೆಸಿದೆ ಎಂದು ನೀನು ಬಂಧುಬಳಗಕ್ಕೆಲ್ಲ ಹೇಳಿಕೊಂಡು ಸಮಾಧಾನ ಪಟ್ಟೆ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದೆ. ಅಷ್ಟು ಆಸೆಪಟ್ಟು ತಂದದ್ದನ್ನು ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ತೋರಿಸಲಾಗಲಿಲ್ಲ. ನನಗೇ ನೋಡಲು ಮನಸ್ಸಾಗುತ್ತಿರಲಿಲ್ಲ.

ಮೊನ್ನೆ ನೀನು ಮನೆಗೆ ಬಂದವಳು ನನ್ನ ಪದಕಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದೆ. ಏನನ್ನು ಹುಡುಕುತ್ತಿದ್ದೀ ಎಂದು ಗೊತ್ತಿದ್ದೂ ಬೇರೆ ಪದಕಗಳ ಕಥೆ ಹೇಳುತ್ತ ಕೂತೆ. ಹೊರಡುವಾಗ ನೀನು ಹೇಳಿದೆ:

“ಅವರ ಬಿಲ್ಲಿಯಂಥದ್ದು ಎಲ್ಲ್ಯಾರ ಸಿಕ್ರ ತೋರಸ್ರಿ ಅಣ್ಣಾ. ಇಟ್ಕೊಳ್ಳಾಕ ಬ್ಯಾಡ, ಒಮ್ಮೆ ಮುಟ್ಟಿ ನೋಡಿ ಕೊಡ್ತೀನಿ.”

ಅಂಥದ್ದೇ ಇನ್ನೊಂದು ಸಿಕ್ಕಿತು ಎಂದು ಹೇಳಿ ಕೊಟ್ಟುಬಿಡಬಹುದು. ನೀನು ನಂಬುತ್ತೀ. ಕೈ ಮುಗಿದರೂ ಮುಗಿಯುತ್ತೀ — ಆ ಕೈಗಳನ್ನು ನೆನೆದೇ ನನಗೆ ನನ್ನ ಮೇಲೆ ಹೇಸಿಗೆ ಬಂತು.

ನಾಳೆ ಕಂಪ್ಲಿಗೆ ಬರುತ್ತೇನೆ. ಬಿಲ್ಲೆಯನ್ನು ನಿನ್ನ ಅಂಗೈಯಲ್ಲಿಟ್ಟು, ಇದು ಅದೇ ಎನ್ನುತ್ತೇನೆ. ಆಮೇಲೆ ನೀನು ನನ್ನನ್ನು ಅಣ್ಣ ಎಂದು ಕರೆಯಬೇಕಾಗಿಲ್ಲ.